ಬಿಚ್ಚಿದ ಜೋಡಿ ಗಾದಿ

"ನನಗ ಈ ಮದುವಿ ಬ್ಯಾಡ ಅಂತ ನೀವ ಹೇಳಿಬಿಡ್ರಿ. ನಾ ಹೇಳಿದ್ರ ಅಪ್ಪನ ಮಾನ ಹೋಗತೈತಿ."

ಹೆಣ್ಣು ನೋಡಲು ಬಂದವನ ಕೈಗೆ ಚಹಾ ಕೊಡುವಾಗ ಯಾವ ಹುಡುಗಿ ಹೀಗೆ ಹೇಳುತ್ತಾಳೆ ಹೇಳಿ? ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡದ ಊರು ತಿಕೋಂಡಿಯ ಸುಲತಾನಾ ಹೇಳಿದಳು. ಓಢಣಿ ತಲೆತುಂಬ ಹೊದ್ದು, ನೆಲ ನೋಡುತ್ತ, ಪಡಸಾಲೆಯಲ್ಲಿ ಕೂತ ಹಿರಿಯರಿಗೆ ಒಂದಕ್ಷರ ಕೇಳದ ಹಾಗೆ. ನೋಡಿದವರೆಲ್ಲ ಪಾಪ, ಎಷ್ಟು ನಾಚಿಕೆಯ ಹುಡುಗಿ ಅಂದುಕೊಂಡರು.

ಬೆಳುಂಕಿಯ ಅತೀಕನ ಚಹಾ ಅರ್ಧ ಬಸಿಗೆ, ಅರ್ಧ ಅಂಗಿಗೆ ಆಯಿತು. ಜತ್ತದಲ್ಲಿ ಅವನದು ನೀರೆತ್ತುವ ಮೋಟಾರುಗಳ ರಿಪೇರಿ ಅಂಗಡಿ. ಸುಟ್ಟ ಮೋಟಾರು ಬೇಕಾದಷ್ಟು ಬಿಚ್ಚಿದ್ದ. ಇಂಥ ಹುಡುಗಿಯನ್ನು ಮಾತ್ರ ನೋಡಿರಲಿಲ್ಲ.

"ಯಾಕ? ಮನಸಿನ್ಯಾಗ ಬ್ಯಾರೆ ಯಾರರ ಅದಾರೇನು?" ಅವನೂ ಪಿಸುಗುಟ್ಟಿದ.

"ಯಾರೂ ಇಲ್ರಿ. ನನಗ ಕಾಲೇಜಿಗೆ ಹೋಗೂದೈತಿ."

"ಯಾವ ಕಾಲೇಜು?"

ಸುಲತಾನಾ ತಲೆ ಎತ್ತಿದಳು. ಬಿ.ಎ. ಮುಗಿದಾಗಿನಿಂದ ಊರೆಲ್ಲ ಅವಳನ್ನು ಕೇಳಿದ್ದು, ಇನ್ನ ಯಾಕ ಕಾಲೇಜು ಅಂತ. ಯಾವುದು ಅಂತ ಕೇಳಿದವನು ಇವನೊಬ್ಬನೇ. ಅವನ ಕಣ್ಣು ನೋಡಿದಳು... ಅಲ್ಲೇ ತಪ್ಪು ಮಾಡಿದಳು. ಮೋಟಾರು ರಿಪೇರಿಯವನಿಗೆ ಅಷ್ಟು ತಿಳಿಯಾದ ಕಣ್ಣು ಯಾಕೆ ಬೇಕಿತ್ತೋ, ದೇವರೇ ಬಲ್ಲ.

"ಬಿ.ಎಡ್. ಮಾಡಬೇಕ್ರಿ. ನಾ ಕಲ್ತ ಊರ ಹೊರಗಿನ ವಸ್ತಿ ಸಾಲ್ಯಾಗ ಕನ್ನಡ ಮಾಸ್ತರು ರಿಟಾಯರ್ ಆದ್ರು. ಸಣ್ಣ ಹುಡುಗ್ರು ಮನ್ಯಾಗ ಕನ್ನಡ ಮಾತಾಡಿ, ಸಾಲ್ಯಾಗ ಮರಾಠಿ ಕೇಳಿ ಕಣ್ ಕಣ್ ಬಿಟ್ಕೊಂಡು ಕುಂಡರತಾವ. ಅವಕ್ಕ ನಾ ಕಲಸಬೇಕು."

ಅತೀಕ ಬಸಿಯಲ್ಲಿದ್ದ ಚಹಾ ಕುಡಿದ. ಅಂಗಿ ಒರೆಸಿಕೊಂಡ.

"ನೋಡೂಣು," ಅಂದ.

ಅಷ್ಟೇ. ಆ ಮಹಾನುಭಾವ ಬೇಡ ಅನ್ನಲೇ ಇಲ್ಲ. ಸಂಜೆಯೊಳಗೆ ಮಾತು ಪಕ್ಕಾ ಆಗಿ ಎಲ್ಲರ ಬಾಯಿಗೆ ಸಕ್ಕರೆ ಬಿತ್ತು. ಸುಲತಾನಾಳ ಬಾಯಲ್ಲಿ ಮಾತ್ರ ಅದು ಕರಗಲಿಲ್ಲ.

ಮರುದಿನವೇ ಅಪ್ಪ ದಿಲಾವರ ಹತ್ತಿ ಹಿಂಜಲು ಕೂತ. ಅವರು ನದಾಫರು. ಸುತ್ತಿನ ಹಳ್ಳಿಗಳಿಗೆ ಗಾದಿ ಹೊಲಿದುಕೊಡುವ ಮನೆತನ. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಗಳ ಮಾತು ಮುಗಿದ ಕೂಡಲೇ ಅವಳ ಜೋಡಿ ಗಾದಿ, ಅಂದರೆ ಗಂಡ ಹೆಂಡತಿ ಇಬ್ಬರಿಗೂ ಆಗುವ ಅಗಲದ ಗಾದಿ, ಹೊಲಿದು ಇಡಬೇಕು. ಮದುವೆಯ ತನಕ ಅದರ ಮೇಲೆ ಯಾರೂ ಕೂರುವ ಹಾಗಿಲ್ಲ. ಸಂಬಂಧ ಮುರಿದರೆ ಹೊಲಿಗೆ ಬಿಚ್ಚಿ ಹತ್ತಿ ಹೊರಗೆ ತೆಗೆಯಬೇಕು.

ಸೋದರತ್ತೆಯ ಗಾದಿಯನ್ನು ಹಾಗೆ ಬಿಚ್ಚಿದ್ದನ್ನು ಸುಲತಾನಾ ಚಿಕ್ಕವಳಿದ್ದಾಗ ನೋಡಿದ್ದಳು. ಅಂಗಳದ ತುಂಬ ಹತ್ತಿ ಹಾರಾಡಿತ್ತು. ಆಟ ಅಂತ ಅದನ್ನು ಹಿಡಿಯಲು ಓಡಿದವಳಿಗೆ ಅವ್ವ ಬೆನ್ನಿಗೊಂದು ಕೊಟ್ಟಿದ್ದಳು. ಆ ಅತ್ತೆ ಮುಂದೆ ಮದುವೆ ಆಗಲೇ ಇಲ್ಲ.

ಇತ್ತ ಕಾಲೇಜಿನ ಹುಡುಕಾಟ ಬೇರೆ. ಸಾಂಗಲಿ ಕಡೆಯದು ಕೈಗೆಟುಕುವಂತಿತ್ತು, ಆದರೆ ಅಲ್ಲಿ ಪಾಠ ಎಲ್ಲ ಮರಾಠಿಯಲ್ಲಿ. ವಿಜಯಪುರದ ದೊಡ್ಡದೊಂದು ಖಾಸಗಿ ಕಾಲೇಜಿನ ಫೀ ಕೇಳಿ ಅಪ್ಪ ದಬ್ಬಣ ಕೆಳಗಿಟ್ಟುಬಿಟ್ಟಿದ್ದ. ಕೊನೆಗೆ ಅದೇ ಊರಿನ ಹಳೇ ಕಾಲೇಜೊಂದರಲ್ಲಿ, ಗಡಿಭಾಗದವರಿಗೆಂದು ಇಟ್ಟಿದ್ದ ಸೀಟು ಅವಳಿಗೆ ಸಿಕ್ಕಿತು. ಫೀ ಕಡಿಮೆ, ಪಾಠ ಕನ್ನಡದಲ್ಲಿ.

ಆದರೆ ಇರುವುದು ಎಲ್ಲಿ? ಕಾಲೇಜಿನ ಹಾಸ್ಟೆಲ್ ಭರ್ತಿ. ದಿನಾ ಓಡಾಡೋಣವೆಂದರೆ ಕ್ಲಾಸು ಬಿಡುವ ಮೊದಲೇ ಊರಿನ ಬಸ್ಸು ಹೋಗಿರುತ್ತದೆ. ಕಾಲೇಜು ಸಿಕ್ಕಿತ್ತು, ತಲೆ ಮೇಲೊಂದು ಸೂರು ಸಿಕ್ಕಿರಲಿಲ್ಲ.

ಅತೀಕ ಫೋನು ಮಾಡುತ್ತಿದ್ದ. ಊಟ ಆತಾ, ನೀರು ಕುಡದ್ಯಾ ಅಂತ ಕೇಳುವ ಜಾತಿಯವನಲ್ಲ.

"ಸಾಂಗಲೀದು ಯಾಕ ಬ್ಯಾಡ? ನಿನಗ ಮರಾಠಿ ಚಲೋ ಬರತೈತಲ್ಲ."

"ನನಗ ಬರತೈತ್ರಿ. ಕನ್ನಡದಾಗ ಹೆಂಗ ಕಲಸಬೇಕು ಅನ್ನೂದನ್ನ ಅಲ್ಲಿ ಯಾರು ಹೇಳಿಕೊಡ್ತಾರ?"

"ಹೌದು. ಅದೂ ಖರೇನ," ಅನ್ನುತ್ತಿದ್ದ.

ಅವಳ ಮಾತನ್ನು ಹೌದು ಅನ್ನುವ ಗಂಡಸು! ಸುಲತಾನಾಗೆ ಒಳಗೊಳಗೇ ಏನೋ ಆಗತೊಡಗಿತು. ಫೋನಿನ ಹತ್ತಿರವೇ ಪಾತ್ರೆ ತೊಳೆಯತೊಡಗಿದಳು. 'ನನಗ ಮದುವಿ ಬ್ಯಾಡ ಅಂದಾಕಿ ನಾನ ಏನು?' ಎಂದು ತನ್ನನ್ನೇ ಬೈದುಕೊಂಡಳು.

ಆದರೆ ಅತೀಕನ ತಾಯಿಗೆ ಈ ವರ್ಷವೇ ಸೊಸೆ ಬೇಕಿತ್ತು. ಸೀಟಿನ ಗಡುವು ಹತ್ತಿರ ಬಂದಾಗ ಸುಲತಾನಾಳ ತಾಳ್ಮೆ ಹರಿಯಿತು.

"ನಿಮ್ಮ ಅವ್ವಾರು ಏನಂತಾರ? ಕಾಯತಾರೋ ಇಲ್ಲೋ?"

"ನೋಡೂಣು."

"ನೋಡ್ಕೋತ ಕುಂಡ್ರಿ ನೀವು. ನನಗ ಕಾಲೇಜಂದ್ರ ಕಾಲೇಜು. ಕಾಯಾಕ ಆಗದಿದ್ರ ಬಿಟ್ಟುಬಿಡ್ರಿ ನನ್ನ."

ಆಚೆ ಕಡೆ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ ಸದ್ದು ಕೇಳಿತು.

"ಆತು," ಅಂದ ಅತೀಕ. ಫೋನು ಇಟ್ಟ.

ಅಂದಿನಿಂದ ಅವನ ಫೋನು ಬಂದ್. ಅವಳು ಎಷ್ಟು ಸಲ ಹಚ್ಚಿದರೂ ಅದೇ ಯಂತ್ರದ ಹೆಂಗಸಿನ ದನಿ.

'ಆತು' ಅಂದರೇನು? ಕಾಯುತ್ತೇನೆ ಅಂತಲೋ... ಬಿಡುತ್ತೇನೆ ಅಂತಲೋ...

ಉತ್ತರ ಸೋಮವಾರ ಬೆಳಿಗ್ಗೆ ಸಿಕ್ಕಿತು. ಮರುದಿನ ಕಾಲೇಜಿಗೆ ಹಾಜರಾಗಲು ಕಡೆಯ ದಿನ. ಸುಲತಾನಾ ನಳದಿಂದ ನೀರು ಹೊತ್ತು ಬಂದು ಬಾಗಿಲಲ್ಲೇ ನಿಂತುಬಿಟ್ಟಳು.

ಅಂಗಳದಲ್ಲಿ ಅಪ್ಪ ಅವಳ ಜೋಡಿ ಗಾದಿಯ ಹೊಲಿಗೆ ಬಿಚ್ಚುತ್ತಿದ್ದ.

ಹಲ್ಲಿನ ನಡುವೆ ದಾರ, ಮೂಗಿಗೆ ಬಟ್ಟೆ. ಗಾದಿಯ ಹಸಿರು ಬಟ್ಟೆಯ ಗಲೀಫಿನ ಬಾಯಿಂದ ಬಿಳಿ ಹತ್ತಿ ಹೊರಗೆ ಸುರಿಯುತ್ತಿತ್ತು. ಹತ್ತಿರ ಕೂತ ಅವ್ವ ರಹಿಮಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಸುಲತಾನಾ ಏನೂ ಕೇಳಲಿಲ್ಲ. ಯಾವ ಬಾಯಿಂದ ಕೇಳುವುದು? ಬಿಟ್ಟುಬಿಡ್ರಿ ಅಂದವಳು ತಾನೇ ಅಲ್ಲವೇ? ಕೊಡ ಇಳಿಸಿದಳು. ಚಪ್ಪಲಿ ಮೆಟ್ಟಿ ಜತ್ತದ ಬಸ್ಸು ಹತ್ತಿದಳು.

'ಒಂದ್ಸಲ ಮಾರಿ ನೋಡಿ ಕೇಳತೀನಿ. ಕಾಲೇಜು ಬಿಡು ಅಂದ್ರ... ಬಿಡತೀನಿ. ಹೌದು, ಬಿಡತೀನಿ.' ದಾರಿಯುದ್ದಕ್ಕೂ ಇದೇ ಜಪ. ಪಕ್ಕದ ಸೀಟಿನ ಮುದುಕಿ, ತವರಿನಿಂದ ಬರಾಕತ್ತಿಯೇನವ್ವಾ ಅಂತ ಕೇಳಿದಳು. ಅಷ್ಟು ಅತ್ತಿದ್ದಳು.

ಅತೀಕನ ಅಂಗಡಿಯ ಬಾಗಿಲು ಮುಚ್ಚಿತ್ತು. ಬಾಜೂಕಿನ ಚಹಾದಂಗಡಿಯ ಮುರಗೆಪ್ಪ ಹೇಳಿದ, "ಅತೀಕ ಬಿಜಾಪುರಕ್ಕ ಹೋಗ್ಯಾನವ್ವಾ, ಅವ್ರ ಖಾಲಾನ ಮನಿಗೆ. ಭಾಳ ಗಡಿಬಿಡ್ಯಾಗ ಇದ್ದ. ಅವ್ರ ಅವ್ವಾರೂ ಜೋಡಿ ಹೋಗ್ಯಾರ."

ಖಾಲಾ ಅಂದರೆ ಅವನ ತಾಯಿಯ ಅಕ್ಕ. ಆ ಮನೆಯಲ್ಲಿ ಜಾಸ್ಮಿನ ಎಂಬ ಮಗಳಿದ್ದಾಳೆ. ಮದುವೆಯ ವಯಸ್ಸಿಗೆ ಬಂದವಳು, ಅವರಲ್ಲಿ ಖಾಲಾನ ಮಗಳನ್ನು ತಂದುಕೊಳ್ಳುವುದೂ ಉಂಟು. ಅದೂ ಸುಲತಾನಾಗೆ ಗೊತ್ತಿತ್ತು. ತಾಯಿ, ಮಗ, ಗಡಿಬಿಡಿ... ಇನ್ನೇನು ಉಳಿಯಿತು ಕೇಳಲು?

ಬಸ್‌ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಸಿದಳು. ಒಂದು ತಾಸಿನ ಹಿಂದೆ ಅವನಿಗಾಗಿ ಕಾಲೇಜು ಬಿಡಲು ಹೊರಟಿದ್ದಳು. ಈಗ ಬಿಟ್ಟರೂ ಅವನಿಲ್ಲ. ಸೋದರತ್ತೆಯ ಹಾಗೆ ಮೂಲೆ ಹಿಡಿದು ಕೂತು ಮುದುಕಿಯಾಗುವ ತನ್ನನ್ನು ತಾನೇ ಕಂಡಳು. ಬಸ್ಸುಗಳು ಬಂದವು, ಹೋದವು. ಒಂದನ್ನೂ ಹತ್ತಲಿಲ್ಲ.

ಅವಳನ್ನು ಎಬ್ಬಿಸಿದ್ದು ಏನು ಗೊತ್ತೇ? ಸಿಟ್ಟು.

'ಆ ಅತ್ತಿ ಗಾದಿ ಬಿಚ್ಚಿದ ಹತ್ತಿ ಎಲ್ಲಿ ಹೋತು? ಮಂದಿ ಮನಿ ದಿಂಬಿಗೆ ಹೋತು. ಆಕಿಗೆ ಏನೂ ಉಳೀಲಿಲ್ಲ. ನನ್ನ ಹತ್ತಿ ನಾ ಯಾರಿಗೂ ಕೊಡಂಗಿಲ್ಲ.'

ಕಣ್ಣೀರು ನಿಂತಿರಲಿಲ್ಲ. ಹಾಗೇ ಅಳುತ್ತಲೇ ಬಸ್ಸು ಹತ್ತಿದಳು.

ಮನೆ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಅಪ್ಪ ಇನ್ನೂ ಅಂಗಳದಲ್ಲೇ ಹೊಲಿಯುತ್ತಿದ್ದ. ಸುಲತಾನಾ ಸೀದಾ ಹೋಗಿ ಅವನ ಎದುರು ಕೂತಳು. ಅತ್ತಿತ್ತ ನೋಡಲಿಲ್ಲ.

"ಅಪ್ಪಾ, ನನ್ನ ಗಾದಿ ಬಿಚ್ಚಿದ ಹತ್ತಿ ಮಾರಬ್ಯಾಡ. ಅದರಾಗ ನನಗೊಂದು ಒಂಟಿ ಗಾದಿ ಹೊಲಿ. ನಾಳೆ ನಾ ಬಿಜಾಪುರಕ್ಕ ಹೋಗಾಕಿ. ಯಾವುದರ ಮನಿ ಪಡಸಾಲ್ಯಾಗ ಮೂಲಿ ಕೇಳಿ ಮಲಗತೀನಿ. ಅವ್ರು ನನ್ನ ಬಿಟ್ರ ಬಿಡ್ಲಿ. ನನಗ ಅವ್ರ ಮ್ಯಾಲ... ಭಾಳ ಜೀವ ಇತ್ತಪ್ಪಾ. ಖರೇನ ಭಾಳ ಇತ್ತು. ಆದ್ರೂ ನಾ ಹೋಗತೀನಿ."

ದಿಲಾವರ ಹಲ್ಲಿನ ದಾರ ತೆಗೆದ. ಮಗಳನ್ನು ನೋಡಿದ. ಅವಳ ಬೆನ್ನ ಹಿಂದೆ ನೋಡಿದ.

"ಮತ್ತ ನಾ ಮುಂಜಾನಿಂದ ಬಿಚ್ಚಿ ಹೊಲ್ಯಾಕತ್ತಿದ್ದು ಏನವ್ವಾ?"

ಅವನ ಮಡಿಲಲ್ಲಿದ್ದದ್ದು ಅದೇ ಹಸಿರು ಗಲೀಫು. ಅಗಲ ಮಾತ್ರ ಅರ್ಧ.

"ಅದರ ಅಳತಿ ನಾನ ತಂದೀನಿ," ಹಿಂದಿನಿಂದ ದನಿ ಬಂತು.

ಬೇವಿನ ಗಿಡಕ್ಕೆ ಒರಗಿ ಅತೀಕ ನಿಂತಿದ್ದ. ಕೈಯಲ್ಲಿ ಅಳತೆಗೆಂದು ಗಂಟು ಹಾಕಿದ ದಾರ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಮುಖ. ಕಿವಿಯ ತುದಿ ಕೆಂಪಾಗಿತ್ತು.

ಸುಲತಾನಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮ್ಮ ಫೋನು..."

"ಬಾಂವಿ ನೀರಾಗ ಬಿತ್ತು. ಮೋಟಾರು ಎತ್ತೂ ಹೊತ್ತಿನ್ಯಾಗ. ಇಂದು ನಸುಕಿನ್ಯಾಗ ಖಾಲಾನ ಫೋನಿಂದ ಮಾವಾರಿಗೆ ಎಲ್ಲಾ ಹೇಳಿದ್ನಲ್ಲ. ಆಕಿಗೂ ಹೇಳ್ರಿ ಅಂದಿದ್ದೆ."

ಇಬ್ಬರೂ ದಿಲಾವರನನ್ನು ನೋಡಿದರು.

"ಬಾಯಾಗ ದಾರ ಇತ್ತು," ಅಂದ ಅವನು. "ತಗದು ಹೇಳೂದ್ರಾಗ ಈಕಿ ಓಡಿ ಹೋಗಿದ್ಲು." ಮತ್ತೆ ದಾರ ಹಲ್ಲಿಗೆ ಸಿಕ್ಕಿಸಿಕೊಂಡು ಹೊಲಿಯತೊಡಗಿದ. ಇಂಥ ಅಪ್ಪನಿಗೆ ಏನು ಹೇಳುವುದು?

"ಅವ್ವ ಅಳಾಕತ್ತಿದ್ಲಲ್ಲ..."

"ಮಗಳು ಮನಿ ಬಿಟ್ಟು ಹೊಂಟ್ರ ನಗಬೇಕಿತ್ತೇನು?" ಒಳಗಿನಿಂದ ರಹಿಮಾ ಗದರಿಸಿದಳು.

ಅತೀಕ ನಿಧಾನಕ್ಕೆ ಹೇಳಿದ. ಜಾಸ್ಮಿನ ಕೆಲಸ ಮಾಡುವ ಆಸ್ಪತ್ರೆಯ ಹತ್ತಿರ ಹೆಣ್ಣುಮಕ್ಕಳ ವಸತಿಗೃಹವಿದೆ. ಅಲ್ಲೊಂದು ಮಂಚ ಖಾಲಿಯಿದೆ, ಬಾಡಿಗೆ ದಿಲಾವರನ ಕೈಯಲ್ಲಿ ಆಗುವಂಥದ್ದು. ಗಾದಿ ಮಾತ್ರ ಅವರವರೇ ತರಬೇಕು. ವಿಜಯಪುರದಲ್ಲೇ ಒಬ್ಬರು ಹೊಣೆ ಇರಬೇಕೆಂದು ಅಲ್ಲಿಯವರು ಕೇಳಿದಾಗ ಖಾಲಾ ಒಪ್ಪಿದರು. ಅವನ ತಾಯಿಗೆ ಬುದ್ಧಿ ಹೇಳಿ, ಓದು ಮುಗಿಯುವ ತನಕ ಕಾಯಲು ಒಪ್ಪಿಸಿದ್ದೂ ಆ ಅಕ್ಕನೇ.

"ನೀ ಬಿಟ್ಟುಬಿಡ್ರಿ ಅಂದಿಯಲ್ಲ," ಅವನ ದನಿ ಸಣ್ಣದಾಯಿತು. "ಅವತ್ತು ಊಟ ಹೋಗಲಿಲ್ಲ ನನಗ. ಬಿಡಾಕ ಆಗೂದಿಲ್ಲ ಅಂತ ಅವತ್ತ ತಿಳೀತು. ಹೇಳಾಕ ಬರೂದಿಲ್ಲ ನನಗ. ಅದಕ್ಕ ಮಂಚ ಹುಡುಕಾಕ ಹೋದೆ."

ಸುಲತಾನಾ ಮುಖ ಮುಚ್ಚಿಕೊಂಡು ಬಿಕ್ಕಿದಳು. ಬೆಳಗಿನಿಂದ ಅತ್ತದ್ದೆಲ್ಲ ಬೇರೆ, ಈ ಅಳು ಬೇರೆ.

ದಿಲಾವರ ಕಡೆಯ ಗಂಟು ಹಾಕಿ ಗಾದಿ ಕೊಡವಿ ಹಾಸಿದ. ಉಳಿದ ಹತ್ತಿಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದ.

"ಇದು ಹಿಂಗ ಇರತೈತಿ. ನೀ ಕಲ್ತು ಬಂದ ಮ್ಯಾಲ ಎರಡೂ ಕೂಡಿಸಿ ಮತ್ತ ಜೋಡಿ ಗಾದಿ ಮಾಡತೀನಿ," ಎಂದು ಹೆಗಲಿಗೆ ಚೀಲ ಏರಿಸಿದ. "ಕುಂಡ್ರವ್ವಾ ಇದರ ಮ್ಯಾಲ. ಇದು ಈಗ ಮದುವಿ ಗಾದಿ ಅಲ್ಲ, ಓದೂ ಗಾದಿ." ಎದ್ದು ಒಳಗೆ ಹೋದ.

ಸುಲತಾನಾ ಅಂಚಿನಲ್ಲಿ ಕೂತಳು. ಹೊಸದಾಗಿ ಹಿಂಜಿದ ಹತ್ತಿ ಮೆತ್ತಗಿತ್ತು. ಅತೀಕ ಗಿಡದ ಹತ್ತಿರ ಹಾಗೇ ನಿಂತಿದ್ದ.

"ನೀವೂ ಕುಂಡ್ರಿ," ಅಂದಳು, ಮೂಗು ಒರೆಸಿಕೊಳ್ಳುತ್ತ.

"ಒಲ್ಲೆ. ನಾ ಜೋಡಿ ಗಾದಿ ಮ್ಯಾಲನ ಕುಂಡ್ರಾಂವ. ಅಲ್ಲೀತನಕ ನಿಂತಿರತೀನಿ."

"ಅಷ್ಟು ದಿನ ನಿಂತ್ರ ಕಾಲ ನೋಯತಾವ್ರಿ..."

"ನೋಯಲಿ," ಅಂದ ಅತೀಕ. "ನೀ ಲಗೂನ ಓದಿ ಮುಗಸು."