ಏರಿನಲ್ಲಿ ಹಾಫ್ ಕ್ಲಚ್

ಆ ಚಕ್ರದ ಗುರುತು ನನಗೆ ಮೊದಲೇ ಇತ್ತು. ಗಾಡಿಯೊಳಗಿನ ಮನುಷ್ಯನ ಗುರುತು ಇರಲಿಲ್ಲ.

ನಮ್ಮದು ಮಹಡಿ ಮೇಲೆ ಮನೆ, ಕೆಳಗೆ ಗ್ಯಾರೇಜು. ಗ್ಯಾರೇಜಿನ ನೆಲದಲ್ಲಿ, ಗಾಡಿಯ ಅಡಿಗೆ ನಿಂತು ಕೆಲಸ ಮಾಡೋಕೆ ಒಂದು ಗುಂಡಿ. ಮೆಟ್ಟಿಲು ಇಳಿದರೆ ಗುಂಡಿ, ಮೆಟ್ಟಿಲು ಹತ್ತಿದರೆ ಹಾಸಿಗೆ, ನನ್ನ ಓಡಾಟ ಅಷ್ಟೇ. ಅಣ್ಣನ ಬೆನ್ನು ಕೈಕೊಟ್ಟ ಮೇಲೆ ಗೇರ್‌ಬಾಕ್ಸ್ ಇಳಿಸೋದು, ಕ್ಲಚ್ ಕೂರಿಸೋದು ಎಲ್ಲ ನನ್ನ ತಲೆಗೇ ಬಂತು.

ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿ, ಕೈಗೆ ಸ್ಪ್ಯಾನರ್ ಕೊಟ್ಟು ಕಲಿಸಿದವನು ಅವನೇ. ಪ್ರೀತಿಗೇನೂ ಕಮ್ಮಿಯಿಲ್ಲ. ಆದರೆ ನನ್ನನ್ನು ಕೇಳಿಕೊಂಡು ಯಾರಾದರೂ ಬಂದರೆ ಸಾಕು, ಹುಳುಕು ಹುಡುಕ್ತಾನೆ. ಒಬ್ಬನ ನಗು ಸರಿಯಿಲ್ಲ. ಇನ್ನೊಬ್ಬ ಕಾರಿನ ಬಾಗಿಲು ಜೋರಾಗಿ ಹಾಕಿದ. ಅವರನ್ನು ಕಳಿಸಿ, ಊಟಕ್ಕೆ ಕೂತಾಗ ಮೆಲ್ಲಗೆ ಹೇಳ್ತಾನೆ, "ನೀನು ಹೋದ ದಿನ ನಾನು ಶಟರ್ ಎಳೆದುಬಿಡ್ತೀನಿ ಪುಟ್ಟಿ." ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ನನ್ನ ಬಾಯೇನು ಸಾಮಾನ್ಯದ್ದಲ್ಲ. ಹೀಗೆ ಹೇಳಿದರೆ ಏನು ಮಾಡಲಿ? ತಟ್ಟೆ ನೋಡ್ತಾ ಕೂತಿರ್ತೀನಿ.

ಗುಂಡಿಯಲ್ಲಿ ನಿಂತರೆ ಕಣ್ಣು ನೆಲದ ಮಟ್ಟಕ್ಕೆ ಬರುತ್ತೆ. ಹೊರಗಡೆ ಏರು ರಸ್ತೆ. ನನಗೆ ಕಾಣೋದು ಚಪ್ಪಲಿ, ಚಕ್ರ, ಅಷ್ಟೇ. ಕೆಲವು ತಿಂಗಳಿಂದ ಸಂಜೆ ಹೊತ್ತು ಒಂದು ಬೆಳ್ಳಿ ಬಣ್ಣದ ಚಕ್ರ ಬರ್ತಿತ್ತು. ಅದರ ನಟ್‌ಗಳಲ್ಲಿ ಒಂದೇ ಒಂದು ಕೆಂಪು. ಬಂದು ಪೂರ್ತಿ ನಿಲ್ತಾನೂ ಇರಲಿಲ್ಲ. ಒಂಚೂರು ಮುಂದೆ, ಒಂಚೂರು ಹಿಂದೆ, ತೊಟ್ಟಿಲು ತೂಗಿದ ಹಾಗೆ. ಬ್ರೇಕ್ ಹಾಕದೆ, ಕ್ಲಚ್ ಅರ್ಧ ಬಿಟ್ಟು ಏರಿನಲ್ಲಿ ಗಾಡಿ ಹಿಡಿಯೋ ಹುಚ್ಚಾಟ ಅದು. ಯಾವನಪ್ಪ ಇವನು, ಕ್ಲಚ್ ಪ್ಲೇಟ್ ಸುಟ್ಟು ಬೂದಿ ಮಾಡ್ತಾನಲ್ಲ ಅಂತ ಬೈಕೊಳ್ತಿದ್ದೆ. ಬೈತಾ ಬೈತಾ ಅದು ಬರೋ ಹೊತ್ತಿಗೆ ಕಾಯೋದೂ ಅಭ್ಯಾಸ ಆಗಿಹೋಯ್ತು. ಅದು ಬಾರದ ದಿನ ಅಣ್ಣನ ಮೇಲೆ ರೇಗ್ತಿದ್ದೆ.

ಒಂದು ಬೆಳಿಗ್ಗೆ ಆ ಚಕ್ರ ಗ್ಯಾರೇಜಿನ ಒಳಗೇ ಬಂತು. ಎಂಜಿನ್ ಗಂಟಲು ಹರಿಯೋ ಹಾಗೆ ಕೂಗ್ತಿದೆ, ಗಾಡಿ ಮಾತ್ರ ತೆವಳ್ತಿದೆ, ಸುಟ್ಟ ವಾಸನೆ ಮೂಗಿಗೆ ಅಡರ್ತಿದೆ. ಗುಂಡಿಯಿಂದ ಎದ್ದು ಬಂದೆ. ಇಳಿದವರು ಪಕ್ಕದ ಬೀದಿಯ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಹಗಲೆಲ್ಲ ಪುಟಾಣಿ ಕಾರಿನಲ್ಲಿ ಪಾಠ ಹೇಳೋರು. ಈ ಟರ್ಬೋ ಗಾಡಿ ಅವರ ಸ್ವಂತದ್ದು, ಎಂಜಿನ್ ಪವರ್ ಜಾಸ್ತಿ ಮಾಡಿಸಿ ಮುದ್ದಿನಿಂದ ಇಟ್ಟುಕೊಂಡದ್ದು.

"ಇದನ್ನ ಯಾರು ಓಡಿಸಿದ್ದು?" ಅಂದೆ.

"ಸ್ಟೂಡೆಂಟು," ಅಂದರು. ಕಿವಿ ಎರಡೂ ಕೆಂಪಾಯ್ತು.

ಮಧ್ಯಾಹ್ನದ ಹೊತ್ತಿಗೆ ಗೇರ್‌ಬಾಕ್ಸ್ ಇಳಿಸಿದೆ. ಪ್ಲೇಟು ಸವೆದು ರಿವೆಟ್ ಕಾಣ್ತಿತ್ತು. ಪ್ಲೇಟು ಒತ್ತಿ ಹಿಡಿಯೋ ಎಂಜಿನ್ ಚಕ್ರ, ಫ್ಲೈವೀಲ್, ಅದರ ಮುಖದ ತುಂಬಾ ಬಿಸಿಗೆ ಎದ್ದ ನೀಲಿ ಮಚ್ಚೆ, ಕೂದಲೆಳೆಯಂಥ ಬಿರುಕು. ಅಣ್ಣ ನೋಡಿ ಲೊಚಗುಟ್ಟಿದ. "ಎರಡೂ ಹೊಸದೇ ಹಾಕಬೇಕು ಮೇಷ್ಟ್ರೇ. ಇಷ್ಟು ಪವರ್ ಇದೆ, ಸೆರಾಮಿಕ್ ಪ್ಲೇಟ್ ಹಾಕ್ಸಿ. ಜೊತೆಗೆ ಹಗುರವಾದ ಅಲ್ಯೂಮಿನಿಯಂ ಫ್ಲೈವೀಲ್. ಕಾಲಿಟ್ಟರೆ ಹಾರಬೇಕು."

"ಎಲ್ಲಿಗೆ ಹಾರೋದು, ಮಾರ್ಕೆಟ್ ಸಿಗ್ನಲ್‌ಗಾ?" ಅಂದೆ. "ದಿನಾ ಊರೊಳಗೆ ಓಡೋ ಗಾಡಿ ಇದು. ಸೆರಾಮಿಕ್ ಒಂದೇ ಏಟಿಗೆ ಕಚ್ಚಿಕೊಳ್ಳುತ್ತೆ, ಟ್ರಾಫಿಕ್‌ನಲ್ಲಿ ಹೆಜ್ಜೆ ಹೆಜ್ಜೆಗೂ ಗಾಡಿ ಎಗರುತ್ತೆ. ಹಗುರ ಫ್ಲೈವೀಲ್ ಆದರೆ ಏರಿನಲ್ಲಿ ಎತ್ತೋಕೆ ಹೋದಾಗೆಲ್ಲ ಎಂಜಿನ್ ಆಫ್. ಆರ್ಗ್ಯಾನಿಕ್ ಪ್ಲೇಟು, ಗಟ್ಟಿಯಾದ ಪ್ರೆಶರ್ ಪ್ಲೇಟು, ಮಧ್ಯಮ ತೂಕದ ಸ್ಟೀಲ್ ಫ್ಲೈವೀಲ್. ಪವರ್ರೂ ತಡೆಯುತ್ತೆ, ಮೆತ್ತಗೂ ಹಿಡಿಯುತ್ತೆ."

ಮೇಷ್ಟ್ರು ನನ್ನ ಕೈಯಲ್ಲಿದ್ದ ಸುಟ್ಟ ಪ್ಲೇಟನ್ನೇ ನೋಡ್ತಿದ್ದರು. "ನನಗೆ ಸೆರಾಮಿಕ್ಕೇ ಇರಲಿ," ಅಂದರು.

ಅಣ್ಣ ಗೆದ್ದವನ ಹಾಗೆ ನಕ್ಕು, ಅಂಗಡಿಗೆ ಫೋನ್ ಮಾಡೋಕೆ ಮಹಡಿಗೆ ಹೋದ. ನನಗೆ ಮೈಯೆಲ್ಲ ಉರೀತು.

"ನಾನು ಇಷ್ಟು ಹೊತ್ತು ಗೋಡೆಗೆ ಹೇಳಿದ್ನಾ?"

"ಅಲ್ಲ," ಅಂದರು. "ಅದರಲ್ಲಿ ಹಾಫ್ ಕ್ಲಚ್ ಹಿಡಿಯೋಕೆ ಆಗಲ್ಲ. ನಿಂತರೆ ನಿಲ್ಲಬೇಕು, ಹೋದರೆ ಹೋಗಬೇಕು. ನನಗೆ ಅದೇ ಬೇಕಾಗಿರೋದು."

"ಸ್ಟೂಡೆಂಟ್ ತಪ್ಪಿಗೆ ನಿಮಗ್ಯಾಕೆ ಶಿಕ್ಷೆ?" ಅಂತ ಕೇಳಿ, ಆ ಕೆಂಪು ನಟ್ಟಿನ ಮೇಲೆ ಬೆರಳಿಟ್ಟೆ. "ಇದನ್ನ ನಾನು ದಿನಾ ಸಂಜೆ ನೋಡ್ತೀನಿ ಮೇಷ್ಟ್ರೇ."

ಪಾಪ, ಅವರಿಗೆ ಕೈ ಎಲ್ಲಿಡಬೇಕು ಅಂತ ತಿಳೀಲಿಲ್ಲ. ಜೇಬಿಗೆ ಹಾಕಿದರು, ತೆಗೆದರು.

"ಒಂದು ದಿನ ಸ್ಟೂಡೆಂಟ್ ಒಬ್ಬರು ಇದೇ ಏರಿನಲ್ಲಿ ಗಾಡಿ ಆಫ್ ಮಾಡಿಕೊಂಡರು. ಆಗ ಗುಂಡಿಯೊಳಗಿಂದ ನೀವು ಬೋಲ್ಟಿಗೆ ಬೈಯೋದು ಕೇಳಿಸ್ತು. ತುಕ್ಕು ಹಿಡಿದು ಎಷ್ಟು ವರ್ಷ ಅಂತ ಅಲ್ಲೇ ಕೂತಿರ್ತೀಯ, ಹೊರಗೆ ಬಾ ಮಾರಾಯ ಅಂತ. ಮನೆಗೆ ಹೋದರೂ ಆ ದನಿ ಕಿವಿ ಬಿಡಲಿಲ್ಲ. ಮಾರನೇ ದಿನ ಇನ್ನೊಂದು ಸಲ ಕೇಳೋಣ ಅಂತ ಬಂದೆ."

"ಹ್ಯಾಂಡ್ ಬ್ರೇಕ್ ಎಳೆದು ಕೇಳಬಹುದಿತ್ತಲ್ಲ. ಊರಿಗೆಲ್ಲ ಪಾಠ ಹೇಳೋರು ನೀವು."

"ಹ್ಯಾಂಡ್ ಬ್ರೇಕ್ ಎಳೆದರೆ ನಿಂತ ಹಾಗೆ," ಅಂದರು ಮೆಲ್ಲಗೆ. "ನಿಂತರೆ ಒಳಗೆ ಬರಬೇಕಾಗುತ್ತೆ. ನಾನು ನಿಂತಿಲ್ಲ, ಹೋಗ್ತಾ ಇದ್ದೀನಿ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ."

ನಗು ಬರಬೇಕಿತ್ತು. ಬರಲಿಲ್ಲ. ಸೆರಾಮಿಕ್ ಹಾಕಿದರೆ ನಾಳೆಯಿಂದ ಆ ಚಕ್ರ ಬರಲ್ಲ. ಆರ್ಗ್ಯಾನಿಕ್ ಹಾಕಿದರೆ ಅದು ಹೊರಗೆ ತೂಗ್ತಾ ಇರುತ್ತೆ, ನಾನು ಗುಂಡಿಯಲ್ಲಿ ನಿಂತು ನೋಡ್ತಾ ಇರ್ತೀನಿ, ಇಬ್ಬರಿಗೂ ತಲೆ ನರೆಯುತ್ತೆ. ಯಾವುದನ್ನ ಆರಿಸಲಿ? ಅಣ್ಣ ಶಟರ್ ಎಳೆಯೋ ಮಾತನ್ನು ಅವರಿಗೆ ಹೇಳಿಬಿಟ್ಟೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವರು ಬೇಸಿನ್ ಹತ್ತಿರ ಇದ್ದ ಬಟ್ಟೆ ತಂದು ಕೊಟ್ಟರು. ಕಣ್ಣೊರೆಸಿಕೊಂಡೆ. ಕೆನ್ನೆಗೆಲ್ಲ ಗ್ರೀಸ್ ಆಯ್ತು.

"ಅಣ್ಣಾ," ಅಂತ ಮಹಡಿಗೆ ಕೂಗಿದೆ, "ಆರ್ಗ್ಯಾನಿಕ್ ಹೇಳು. ಸ್ಟೀಲ್ ಫ್ಲೈವೀಲ್. ಹೊಸ ಪ್ಲೇಟು ಹದಕ್ಕೆ ಬರೋವರೆಗೂ ಈ ಗಾಡಿ ನಾನೇ ಓಡಿಸ್ತೀನಿ."

ಹೊಸ ಕ್ಲಚ್ಚಿಗೆ ಹಾಗೊಂದು ನಿಯಮ ಉಂಟು. ಕೆಲವು ದಿನ ಊರೊಳಗೆ ಮೆಲ್ಲಗೆ, ನಿಂತು ನಿಂತು ಓಡಿಸಿ ಪಳಗಿಸಬೇಕು, ಇಲ್ಲದಿದ್ದರೆ ಹೊಸದೂ ಸುಟ್ಟುಹೋಗುತ್ತೆ. "ಅವರ ಗಾಡಿ, ಅವರೇ ಪಳಗಿಸ್ಕೊಳ್ಲಿ," ಅಂದ ಅಣ್ಣ. "ಅವರ ಕಾಲಿನ ಮೇಲೆ ನನಗೆ ನಂಬಿಕೆಯಿಲ್ಲ," ಅಂದೆ. ಕೆಲಸದ ಮಾತು, ಅಣ್ಣ ಒಪ್ಪಲೇಬೇಕಾಯ್ತು.

ಹೊಸ ಕ್ಲಚ್ ಕೂರಿಸಿದ ಮೇಲೆ ಹಾಗೆ ದಿನಾ ಸಂಜೆ ಹೊರಟೆ. ಸ್ಟೀರಿಂಗ್ ನನ್ನದು, ಪಕ್ಕದ ಸೀಟು ಮೇಷ್ಟ್ರದ್ದು. ಸ್ಕೂಲಿನ ಕಾರಿನಲ್ಲಿ ಅವರ ಕಡೆಗೂ ಬ್ರೇಕ್ ಇರುತ್ತಲ್ಲ, ಆ ಅಭ್ಯಾಸಕ್ಕೆ ಇಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರ್ತಿದ್ದರು.

"ಆ ಕಾಲು ಸುಮ್ಮನಿರಿಸಿ."

"ಕಾಲು ನನ್ನ ಮಾತು ಕೇಳಲ್ಲ."

"ಮತ್ತೆ ಯಾರ ಮಾತು ಕೇಳುತ್ತೆ?"

ಓರೆಗಣ್ಣಲ್ಲಿ ನೋಡಿದರು. ನಾನು ಕನ್ನಡಿ ನೋಡೋ ನೆಪದಲ್ಲಿ ಅವರನ್ನು ನೋಡಿದೆ. ಹಿಂದಿನ ಬಸ್ಸಿನವನು ಹಾರ್ನ್ ಬಾರಿಸಿ ಬುದ್ಧಿ ಹೇಳಿದ. ಈ ಊರಿನಲ್ಲಿ ನದಿ ದಾಟೋ ಸೇತುವೆ ಅಷ್ಟು ಉದ್ದ ಇದೆ ಅಂತ ನನಗೆ ಆಗಲೇ ಗೊತ್ತಾಗಿದ್ದು. ಆದರೂ ವಾಪಸ್ ಬರೋವಾಗ, ನಮ್ಮ ಏರು ಹತ್ತಿರ ಆದ ಹಾಗೆಲ್ಲ, ನನ್ನ ಕಾಲು ತಾನೇ ವೇಗ ತಗ್ಗಿಸ್ತಿತ್ತು. ಶಟರ್ ಕೆಳಗೆ ಅಣ್ಣ ಸ್ಟೂಲ್ ಹಾಕಿಕೊಂಡು ಕಾಯ್ತಾ ಕೂತಿರ್ತಿದ್ದ.

ಒಂದು ಸಂಜೆ ಅಲ್ಲಿಂದಲೇ ಕೇಳಿದ, "ಇನ್ನೂ ಪಳಗಲಿಲ್ವಾ ಪುಟ್ಟಿ?"

ನನ್ನ ಎಡಗಾಲು ಕ್ಲಚ್ ಮೇಲಿತ್ತು. ಅರ್ಧ ಬಿಟ್ಟಿದ್ದೆ. ಗಾಡಿ ಒಂಚೂರು ಮುಂದೆ, ಒಂಚೂರು ಹಿಂದೆ. ಥೂ, ನಾನೂ ಅದನ್ನೇ ಮಾಡ್ತಿದ್ದೀನಲ್ಲ ಅನ್ನಿಸಿತು. ಪಕ್ಕದಲ್ಲಿ ಮೇಷ್ಟ್ರ ಕಾಲು ಇಲ್ಲದ ಬ್ರೇಕನ್ನು ಒತ್ತಿ ಹಿಡಿದಿತ್ತು. ಹ್ಯಾಂಡ್ ಬ್ರೇಕ್ ಎಳೆದೆ, ಎಂಜಿನ್ ಆಫ್ ಮಾಡಿ ಇಳಿದೆ. ಆ ಕಡೆಯ ಬಾಗಿಲು ತೆರೆದ ಸದ್ದೂ ಕೇಳಿಸಿತು.

"ಕ್ಲಚ್ ಪಳಗಿ ವಾರ ಆಯ್ತಣ್ಣ," ಅಂದೆ. "ಇವರನ್ನ ನಾನು ಮದುವೆ ಆಗ್ತೀನಿ."

ಅಣ್ಣ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದ. ಹುಳುಕು ಹುಡುಕೋಕೆ ಕಷ್ಟವೇನೂ ಆಗಲಿಲ್ಲ. "ಸ್ಟೂಡೆಂಟ್ ಕೈಗೆ ಕೊಟ್ಟು ಕ್ಲಚ್ ಸುಡಿಸಿಕೊಂಡವನನ್ನಾ?"

"ಸ್ಟೂಡೆಂಟ್ ಅಲ್ಲ, ನಾನೇ ಸುಟ್ಟಿದ್ದು," ಅಂದರು ಮೇಷ್ಟ್ರು.

"ನನಗೋಸ್ಕರ ಸುಟ್ಟಿದ್ದು," ಅಂದೆ. "ಹುಳುಕು ಇದೆ ಅಣ್ಣ. ಇರಲಿ. ನನಗೆ ಇವರು ಬೇಕು."

ಅಣ್ಣನ ಕೈ ಶಟರ್ ಹಿಡಿಕೆಗೆ ಹೋಯ್ತು.  ಅದನ್ನ ಎಳೆದುಬಿಟ್ಟರೆ ಮುಂದೆ ಆಡೋಕೆ ನನ್ನಲ್ಲಿ ಮಾತಿರಲಿಲ್ಲ. ಕಾಲು ಮಾತ್ರ ಹಿಂದೆ ಸರಿಯಲಿಲ್ಲ.

"ಗೇರ್‌ಬಾಕ್ಸ್ ಯಾರು ಇಳಿಸ್ತಾರೆ?" ಅಂದ. ದನಿ ಚಿಕ್ಕ ಹುಡುಗನದ್ದಾಗಿತ್ತು. ಇಷ್ಟು ವರ್ಷ ಅವನಿಗೂ ಹೆದರಿಕೆಯಿತ್ತು ಅಂತ ನನಗೆ ಹೊಳೆದೇ ಇರಲಿಲ್ಲ.

"ನಾನೇ ಇಳಿಸ್ತೀನಿ. ಬೆಳಿಗ್ಗೆ ಬರ್ತೀನಿ, ಸಂಜೆ ಹೋಗ್ತೀನಿ. ಎಲ್ಲರೂ ಕೆಲಸಕ್ಕೆ ಹೋಗಿ ಬರೋ ಹಾಗೆ."

ಅಣ್ಣ ಹಿಡಿಕೆ ಬಿಟ್ಟ. ಬೆನ್ನು ಹಿಡಿದುಕೊಂಡು ಎದ್ದು, ಗಾಡಿಯ ಸುತ್ತ ಒಂದು ಸುತ್ತು ಬಂದು, ಕೆಂಪು ನಟ್ಟಿನ ಹತ್ತಿರ ಬಗ್ಗಿ ನೋಡಿದ. ಅಲ್ಲಿಂದಲೇ, ನನ್ನ ಮುಖ ನೋಡದೆ, ಕೇಳಿದ.

"ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ತೀಯ?"