ಎರಡು ಬೆಣೆಗಳ ಕಳವು

ಬುಧವಾರ ಮಧ್ಯಾಹ್ನ 3.10ಕ್ಕೆ ಗ್ಯಾರೇಜ್ ಮಾಲೀಕ ಏದುಸಿರು ಬಿಡುತ್ತ ಠಾಣೆಗೆ ಬಂದ. ಊಟದ ಹೊತ್ತಿನಲ್ಲಿ ಯಾರೋ ಬೀಗ ಮುರಿದು, ಆಸ್ಪತ್ರೆಯ ಜೀಪಿನ ಅಡಿಯಿಂದ ಎರಡು ಕಬ್ಬಿಣದ ಬೆಣೆ ಕದ್ದಿದ್ದರು. ಹೊಸ ಟೈರು, ಬ್ಯಾಟರಿ ಇದ್ದಲ್ಲೇ ಇದ್ದವು. ಇಂಥ ದಡ್ಡ ಕಳ್ಳನನ್ನು ಇನ್ಸ್‌ಪೆಕ್ಟರ್ ಕಂಡಿರಲಿಲ್ಲ. ಎಫ್‌ಐಆರ್ ದಾಖಲಿಸಿ, ಹತ್ತು ವರ್ಷ ಇಲಾಖೆಯ ಜೀಪು ಓಡಿಸಿದ್ದ ಮುಖ್ಯಪೇದೆಯೊಂದಿಗೆ ಗ್ಯಾರೇಜಿಗೆ ಹೊರಟರು.

"ಬೆಣೆ ಯಾಕೆ ಹಾಕಿದ್ರಿ?"

"ಜೀಪು ನಾಲ್ಕಿಂಚು ಎತ್ತರಿಸಿದ್ವಿ ಸಾರ್. ಇಂಜಿನ್ ಕಡೆಯಿಂದ ಹಿಂದಿನ ಚಕ್ರ ತಿರುಗಿಸೋ ಶಾಫ್ಟು ಇಳಿಜಾರಾಯ್ತು. ಹಿಂದಿನ ಆಕ್ಸಲ್ ಮೂತಿ ಶಾಫ್ಟಿನ ಕಡೆ ಎತ್ತೋಕೆ ಆರು ಡಿಗ್ರಿ ಬೆಣೆ. ಹೋದ ತಿಂಗಳು ಬಂದಿದ್ದ ಬೇರೆ ಗಾಡಿಗೂ ಹಂಗೇ ಮಾಡಿದ್ದೆ."

ಮುಖ್ಯಪೇದೆ ಕೋನಮಾಪಕ ಹಿಡಿದು ಜೀಪಿನಡಿ ನುಸುಳಿದರು. ಹೊರಬಂದಾಗ ಮುಖ ಅರಳಿತ್ತು.

"ಆ ಗಾಡಿ ಶಾಫ್ಟಿಗೆ ಮೇಲ್ಗಡೆ ಜೋಡಿ ಕೀಲು ಇದ್ದಿರ್ಬೇಕು ಸಾರ್. ಇದಕ್ಕೆ ಎರಡೂ ತುದೀಲಿ ಒಂದೊಂದೇ. ಎರಡೂ ಕಡೆ ಬಾಗು ಸಮ ಇರ್ಬೇಕು. ಬೆಣೆ ಇದ್ದಾಗ ಮೇಲೆ ಒಂಬತ್ತು ಡಿಗ್ರಿ, ಕೆಳಗೆ ಮೂರು. ಈಗ ಎರಡೂ ಒಂಬತ್ತು."

"ಸಮ ಇಲ್ದಿದ್ರೆ?"

"ನಡುಗಿ ನಡುಗಿ ಕೀಲು ಮುರಿಯುತ್ತೆ. ಈ ಜೀಪಿನ ಹ್ಯಾಂಡ್‌ಬ್ರೇಕು ಹಿಡಿಯೋದೂ ಆ ಶಾಫ್ಟನ್ನೇ."

ಪಂಚನಾಮೆ ಬರೆಯುವಾಗ ಇನ್ನೊಂದು ವಿಷಯ ಕಂಡಿತು: ಕಳ್ಳ ಬೆಣೆ ತೆಗೆದು ಮತ್ತೆ ಬಿಗಿ ಮಾಡಿದ್ದ ಪ್ರತಿ ನಟ್ಟಿನ ಮೇಲೂ ಬಿಳಿ ಬಣ್ಣದ ಸಣ್ಣ ಗೀಟು.

"ಇಷ್ಟು ಅಚ್ಚುಕಟ್ಟು ಕೆಲಸ, ಒಂದೇ ಗಂಟೇಲಿ! ಕೈ ಮುಗೀಬೇಕು ಸಾರ್. ನಮ್ಮ ಇಲಾಖೆ ಜೀಪು ನೋಡ್ಕೋತಿದ್ದ ಮೇಸ್ತ್ರಿಗಳು ಮಾತ್ರ ಹೀಗೆ ಗೀಟು ಹಾಕ್ತಿದ್ರು."

ನಿವೃತ್ತ ಮೇಸ್ತ್ರಿಯ ಮನೆ ತಲುಪಿದಾಗ 4.45. ಬೆಣೆಗಳು ಮೇಜಿನ ಮೇಲೇ ಇದ್ದವು.

"ಬೀಗ ಮುರಿದಿದ್ದು ನೀವಾ?"

"ನಾನೇ. ಒಳ್ಳೆ ಬೀಗ, ಮುರಿಯೋಕೆ ಬೇಜಾರಾಯ್ತು."

"ಮಾಲೀಕರಿಗೆ ಹೇಳ್ಬಹುದಿತ್ತಲ್ಲ?"

"ಮೂರು ಸಲ ಹೇಳ್ದೆ. ಮನೇಲಿ ಕೂತು ಮೊಮ್ಮಕ್ಕಳನ್ನ ಆಡಿಸಿ ಅಂದ. ನಾಳೆ ಆ ಜೀಪು ಗುಡ್ಡದಿಂದ ನಾಲ್ಕು ಜನ ರೋಗಿಗಳನ್ನ ಇಳಿಸ್ಕೊಂಡು ಬರ್ಬೇಕು. ಡ್ರೈವರ್ ನನ್ನ ಮಗಳು."

"ಮಗಳಿಗೆ ಹೇಳಿದ್ರಾ?"

"ಹೇಳಿದ್ರೆ ಗಾಡಿ ಮುಟ್ಟೋದಿಲ್ಲ. ಮೇಲಿರೋ ರೋಗಿಗಳಿಗೆ ಯಾರು ಗತಿ?"

5.20ಕ್ಕೆ ಮೇಸ್ತ್ರಿಯನ್ನು ಬಂಧಿಸಲಾಯಿತು. ಹಿಂದೆಯೇ ಮಾಲೀಕ ಠಾಣೆಗೆ ಬಂದ.

"ಬೆಣೆ ಕೊಡಿ ಸಾರ್, ಹಾಕಿ ಗಾಡಿ ಕಳಿಸ್ತೀನಿ."

ಅಷ್ಟೆಲ್ಲ ಕೇಳಿದ ಮೇಲೂ ಆಸಾಮಿಗೆ ಹಟ. ಇನ್ಸ್‌ಪೆಕ್ಟರ್ ಬೆಣೆಗಳನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದರು.

"ಇದು ಮುದ್ದೆಮಾಲು. ಕೋರ್ಟ್ ಆದೇಶ ಇಲ್ದೆ ಕೊಡೋ ಹಾಗಿಲ್ಲ."

"ಬೇರೆ ಮಾಡಿಸ್ತೀನಿ."

"ಜೀಪಿನ ಅಡಿ ಇದ್ದ ಹಾಗೇ ಇರ್ಬೇಕು ಅಂತ ಪಂಚನಾಮೇಲಿ ಬರೆದಾಗಿದೆ. ಓಡಿಸೋಕೆ ಅಡ್ಡಿಯಿಲ್ಲ, ಮುಟ್ಟೋ ಹಾಗಿಲ್ಲ."

ಗುರುವಾರ ಬೆಳಿಗ್ಗೆ 10.05ಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ನಾಲ್ವರು ರೋಗಿಗಳೂ ಕ್ಷೇಮವಾಗಿ ಇಳಿದಿದ್ದರು. ಲಾಕಪ್ಪಿನಲ್ಲಿದ್ದ ಮೇಸ್ತ್ರಿ ಕಂಬಿ ಹಿಡಿದು ಎದ್ದು ನಿಂತರು.

"ಗಾಡಿ ನಡುಗ್ತಾ ಅಂತ ಕೇಳಿ."

ಮುಖ್ಯಪೇದೆ ಕೇಳಿದರು. "ಒಂಚೂರೂ ಇಲ್ವಂತೆ ಮೇಸ್ತ್ರಿ."

ನಿನ್ನೆಯಿಂದ ಹನಿ ನೀರೂ ಮುಟ್ಟದಿದ್ದ ಮೇಸ್ತ್ರಿ ಟೀ ಕೇಳಿದರು. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವ ಜಾಗದಲ್ಲಿ ಇನ್ಸ್‌ಪೆಕ್ಟರ್ ಬರೆದರು: ಮಗಳು ಮತ್ತು ನಾಲ್ವರು ರೋಗಿಗಳು.