ಎಡಗಡೆಯ ರವೆ

ಬಳ್ಳಾರಿಯ ಜಾಝ್ ಉತ್ಸವದಲ್ಲಿ ಆರೂವರೆಗೆ ನುಡಿಯಬೇಕಿದ್ದ ಮೃದಂಗದ ಎಡಮುಖವನ್ನು ಆರಕ್ಕೆ ಯಾರೋ ಸೀಳಿದ್ದರು. ಮೃದಂಗ ಹಚ್ಚೊಳ್ಳಿಯ ಎರ್ರಣ್ಣನದು. ನಲವತ್ತು ವರ್ಷ ಬಯಲಾಟಕ್ಕೆ ನುಡಿಸಿದ ಕೈ ಅವನದು. ಪಕ್ಕದಲ್ಲಿ ಬಿದ್ದಿದ್ದ ಚಾಕು ಡ್ರಮ್ಸ್ ಬಾರಿಸುವ ಓಬಳೇಶನದು.

"ಪೊಲೀಸರಿಗೆ ಫೋನ್ ಮಾಡ್ತೀನಿ," ಎಂದ ಅಮರೇಶ್, ಇವರ ತಂಡ ಕಟ್ಟಿದ ಕುರುಗೋಡಿನ ಸ್ಯಾಕ್ಸೊಫೋನ್ ವಾದಕ.

"ಮಾಡಪ್ಪಾ. ನನ್ನ ಚಾಕು ಎಲ್ಲಾರ ಕೈಯಾಗೂ ಓಡಾಡತೈತಿ, ಅದನ್ನೂ ಹೇಳು," ಎಂದ ಓಬಳೇಶ.

ಉತ್ಸವದ ಕೆಲಸಕ್ಕಿದ್ದ ಅನುಷಾ ತನ್ನ ಎದುರು ಮನೆಯ ಪಂಪಾವತಿಯವರನ್ನು ಕರೆತಂದಳು. ನಿವೃತ್ತ ಬೆರಳಚ್ಚು ತಜ್ಞೆ. ಅವರು ಬಿಡಿಸಿದ ಒಗಟುಗಳಿಗೆಲ್ಲ ಅನುಷಾ ಜೊತೆಗಿದ್ದವಳು.

ಸೀಳಿದ ಚರ್ಮ ಸ್ವಚ್ಛವಾಗಿತ್ತು. ಚಾಕುವಿನ ಅಲಗೂ ಸ್ವಚ್ಛ. ಮೂಲೆಯ ಕಾಗದದಲ್ಲಿ ಬಿಳಿಯ ಮುದ್ದೆ.

"ಯಾರದೋ ಉಪ್ಪಿಟ್ಟಿರಬೇಕಕ್ಕಾ," ಎಂದಳು ಅನುಷಾ.

ಪಂಪಾವತಿ ಎರ್ರಣ್ಣನತ್ತ ತಿರುಗಿದರು. "ಐದಕ್ಕ ನುಡಿಸಿ ನೋಡಿದಿರಂತ. ಆಮ್ಯಾಲೆ ಇದನ್ನ ಮುಟ್ಟಿದಿರೇನು?"

"ಇಲ್ಲರಿ. ದನಿ ದಪ್ಪ ಬರಲಂತ ಎಡಕ್ಕ ನೀರಾಗ ಕಲಸಿದ ರವಿ ಮುದ್ದಿ ಹಚ್ಚಿದ್ದೆ. ಹಂಗೇ ಬಿಟ್ಟು ಚಹಾಕ್ಕ ಹೋದೆ."

ಪಂಪಾವತಿ ಎಲ್ಲರನ್ನೂ ಕೂರಿಸಿದರು. "ಹಚ್ಚಿದ ರವಿ ಕಾಗದದಾಗ ಐತಿ. ಚಾಕೂಗೆ ಒಂದು ಕಣ ಹತ್ತಿಲ್ಲ. ಅಂದ್ರ ಮೊದಲು ಕೆರೆದು ಒರೆಸಿ, ಆಮ್ಯಾಲೆ ಸೀಳ್ಯಾರ. ಕೊಲ್ಲೋಕಿಂತ ಮುಂಚೆ ಮುಖ ತೊಳೆಸೋ ವೈರಿ ಯಾರದಾನ? ನುಡಿಸೋದು ಮುಗಿದ ಮ್ಯಾಲೆ ರವಿ ಕೆರೆದು ತೆಗೆದೇ ಮೃದಂಗ ಎತ್ತಿಡೋ ಕೈ ಇಲ್ಲಿ ಒಂದೇ ಐತಿ. ಇದು ಇನ್ನ ನುಡಿಯಂಗಿಲ್ಲ ಅಂತ ಆ ಕೈಗೆ ಗೊತ್ತಿತ್ತು."

ಎರ್ರಣ್ಣ ಸೀಳಿದ ಮೃದಂಗವನ್ನು ಹತ್ತಿರಕ್ಕೆಳೆದುಕೊಂಡ.

"ಅಭ್ಯಾಸಕ್ಕಂತ ಅಮರೇಶ ನನ್ನ ಒಂದೊಂದು ಪೆಟ್ಟೂ ಲ್ಯಾಪ್‌ಟಾಪಿನಾಗ ರೆಕಾರ್ಡ್ ಮಾಡಿಕೊಂಡ. ಮುಂದಿನ ಊರಿನ ಕಚೇರಿ ಪಟ್ಟಿಯಾಗ ನನ್ನ ಹೆಸರಿಲ್ಲ. ಇವತ್ತು ಮೃದಂಗ ಇಲ್ಲಂದ್ರ ಕಚೇರಿ ನಿಲ್ಲತೈತಿ, ನಾನು ಬೇಕಂತ ತಿಳೀತೈತಿ ಅಂದ್ಕೊಂಡೆ. ಓಬಳೇಶ, ಚಾಕು ಕೈಗೆ ಸಿಕ್ತಪ್ಪಾ, ಅಷ್ಟೇ. ನಿನ್ನ ಮ್ಯಾಲೆ ಬರತೈತಂತ ಹೊಳೀಲಿಲ್ಲ."

"ಹೊಳೀಬೇಕಿತ್ತು, ಮಾವಾ," ಎಂದ ಓಬಳೇಶ.

ಅಮರೇಶ್ ಗಡಿಯಾರ ನೋಡಿದ. ಪೊಲೀಸರ ಮಾತು ಬಿಟ್ಟು ಲ್ಯಾಪ್‌ಟಾಪ್ ತೆರೆದ.

ಕಚೇರಿ ಹೊತ್ತಿಗೆ ಸರಿಯಾಗಿ ಶುರುವಾಯಿತು. ಸೀಳಿದ ಮೃದಂಗವನ್ನು ಮಡಿಲಲ್ಲಿಟ್ಟುಕೊಂಡು ಎರ್ರಣ್ಣ ಹೊರಗಿನ ಮೆಟ್ಟಿಲ ಮೇಲೆ ಕೂತ. ಪಕ್ಕದಲ್ಲಿ ಅನುಷಾ. ಒಳಗಿನಿಂದ ಅವನದೇ ಮೃದಂಗದ ನುಡಿ ಬಂತು. ಜನ ಚಪ್ಪಾಳೆ ತಟ್ಟಿದರು.

"ಆ ಏಳನೇ ಪೆಟ್ಟು ರೆಕಾರ್ಡ್ ಮಾಡಿದ ದಿನ ತಪ್ಪಿ ಬಿದ್ದಿತ್ತವ್ವಾ," ಎಂದ ಎರ್ರಣ್ಣ. "ಇನ್ನ ದಿನಾ ತಪ್ಪೇ ಬೀಳತೈತಿ."